ಭಾಗೀರಥಿಯನ್ನು ದೆವ್ವ ಮಾಡಬೇಡ: ಯುವ ಬರಹಗಾರ್ತಿಗೆ ಒಂದು ಪತ್ರ

ಪ್ರೀತಿಯ ತಂಗಿ,

'ಕೆರೆಗೆ ಹಾರ' ಅನ್ನೋ ಜನಪದ ಹಾಡನ್ನು ಹಿಡಿದು ನೀನು ಬರೆದ ಕಥೆ ಓದಿದೆ. ಬರೆಯೋ ಕೈ ನಿನಗಿದೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಜೋಯಿಸರು ಪಂಚಾಂಗ ಮಡಚಿಟ್ಟು, ಗೌಡನ ಮುಖ ನೋಡದೆ, ಹಿತ್ತಲಲ್ಲಿ ಜೋಳ ಹಸನು ಮಾಡುತ್ತಾ ಕೂತ ಸೊಸೆಯರ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾರಲ್ಲ, ಅಲ್ಲಿ ನನಗೆ ಮೈ ಜುಮ್ಮೆಂದಿತು. ಅದಾದ ಮೇಲೆ ಮಾತ್ರ ನಿನಗೆ ಕಥೆಯ ಮೇಲಿನ ನಂಬಿಕೆ ಹೋಯಿತು ಅನ್ಸುತ್ತೆ. ಇಷ್ಟು ಸಾಲದು, ಇನ್ನೂ ಭಯ ಬೇಕು ಅಂತ ರಕ್ತ ಸುರಿಯೋಕೆ ಶುರು ಮಾಡಿದ್ದೀಯ. ಕೊನೆಗೆ ಭಾಗೀರಥಿ ಕೂದಲು ಬಿಟ್ಟುಕೊಂಡು ಕೆರೆಯಿಂದ ಎದ್ದು ಬರುತ್ತಾಳೆ, ಅತ್ತೆ ಮಾವ ಭಾವ ಎಲ್ಲರ ಕರುಳು ಬಗೆದು ಏರಿಯ ಉದ್ದಕ್ಕೂ ತೋರಣ ಕಟ್ಟುತ್ತಾಳೆ. ಅದನ್ನು ಓದುವಾಗ ನನಗೆ ಏನೂ ಅನ್ನಿಸಲಿಲ್ಲ. ಬೇಜಾರಾಗಬೇಡ. ನೀನು ಕೇಳಿದೆ ಅಂತ ನೇರವಾಗಿ ಹೇಳ್ತಿದ್ದೀನಿ, ಮತ್ತೆ ಈ ಕಥೆ ನನಗೂ ತುಂಬ ಬೇಕಾದದ್ದು.

ನೀನು ಎರಡು ಪ್ರಶ್ನೆ ಕೇಳಿದ್ದೆ. ಜನಪದ ಕಥೆಯನ್ನು ಡಾರ್ಕ್ ಮಾಡೋದು ಹೇಗೆ, ಮತ್ತೆ ಅದರೊಳಗೆ ಇತಿಹಾಸ, ಪುರಾಣ ಎಷ್ಟು ಬೆರೆಸಬಹುದು ಅಂತ. ಮೊದಲನೆಯದಕ್ಕೆ ನನ್ನ ಉತ್ತರ: ಮಾಡೋದೇ ಬೇಡ. ಅದು ಆಗಲೇ ಕತ್ತಲಾಗಿದೆ. ಆ ಕತ್ತಲು ಎಲ್ಲಿದೆ ಅಂತ ಹುಡುಕು, ಸಾಕು.

'ಕೆರೆಗೆ ಹಾರ' ಹಾಡನ್ನು ಇನ್ನೊಮ್ಮೆ ನಿಧಾನವಾಗಿ ಕೇಳು. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಒಂದು ಬೊಗಸೆ ನೀರೂ ಬರಲ್ಲ. ಶಾಸ್ತ್ರ ಕೇಳಿದರೆ ಮನೆಯ ಸೊಸೆಯನ್ನು ಕೆರೆಗೆ ಹಾರ, ಅಂದರೆ ಬಲಿ, ಕೊಡಬೇಕು ಅಂತ ಬರುತ್ತೆ. ಹಿರಿಸೊಸೆಯನ್ನು ಕೊಟ್ಟರೆ ಮನೆ ನಡೆಸೋರು ಯಾರು? ಹಾಗಾದರೆ ಕಿರಿಯವಳು, ಭಾಗೀರಥಿ. ಎಷ್ಟು ಬೇಗ ಮುಗಿದುಹೋಗುತ್ತೆ ನೋಡು ಆ ಮಾತುಕತೆ. ಯಾವ ಎತ್ತು ಮಾರೋದು, ಯಾವುದು ಇಟ್ಟುಕೊಳ್ಳೋದು ಅಂತ ಕೂತು ಲೆಕ್ಕ ಹಾಕುವ ಮನೆಯವರ ದನಿ ಅದು. ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ, ಅವನನ್ನು ಕೇಳೋರಿಲ್ಲ.

ಭಾಗೀರಥಿಗೆ ವಿಷಯ ಗೊತ್ತಾಗುತ್ತೆ. ತವರಿಗೆ ಹೋಗುತ್ತಾಳೆ. ಯಾಕಮ್ಮ ಕಣ್ಣಲ್ಲಿ ನೀರು ಅಂತ ಅಪ್ಪ ಕೇಳುತ್ತಾನೆ. ಅವಳು ನಿಜ ಹೇಳಲ್ಲ. ಅತ್ತೆ ಮಾವ ನಮ್ಮನ್ನು ಬೇರೆ ಇಡ್ತಾರಂತೆ ಅನ್ನುತ್ತಾಳೆ. ಇಟ್ಟರೆ ಇಡಲಿ ಬಿಡು, ಹೊಲ ಮನೆ ನಾನು ಕೊಡ್ತೀನಿ ಅನ್ನುತ್ತಾನೆ ಅಪ್ಪ. ಅವ್ವ ಓಲೆ ಕೊಡ್ತೀನಿ ಸುಮ್ಮನಿರು ಅನ್ನುತ್ತಾಳೆ. ಅಕ್ಕನೂ ತನ್ನ ಕೈಲಾದ್ದು ಹೇಳಿ ಸಮಾಧಾನ ಮಾಡುತ್ತಾಳೆ. ಯಾರೂ ಕೆಟ್ಟವರಲ್ಲ, ಕೇಳಿದವರೆಲ್ಲ ಏನಾದರೂ ಕೊಡೋಕೆ ತಯಾರು. ಆದರೆ ಇಷ್ಟು ಸಣ್ಣ ವಿಷಯಕ್ಕೆ ಹೀಗೆ ಅಳುತ್ತಾಳಾ ಅಂತ ಒಬ್ಬರೂ ಎರಡನೇ ಸಲ ಕೇಳಲ್ಲ. ಕೊನೆಗೆ ಗೆಳತಿಯ ಮನೆ. ಅಲ್ಲಿ ಮಾತ್ರ ನಿಜ ಬಾಯಿಗೆ ಬರುತ್ತೆ: ನನ್ನನ್ನು ಕೆರೆಗೆ ಹಾರ ಕೊಡ್ತಾರಂತೆ. ಗೆಳತಿ ಏನಂತಾಳೆ? ಕೊಟ್ಟರೆ ಕೊಡಲಿ, ಅವರು ಇಟ್ಟ ಹಾಗೆ ಇರಬೇಕು.

ತಂಗಿ, ನನ್ನ ಮಟ್ಟಿಗೆ ಹಾಡಿನ ಅತ್ಯಂತ ಭಯಂಕರ ಜಾಗ ಅದು. ಕೆರೆ ಅಲ್ಲ. ಅವಳನ್ನು ಕೊಲ್ಲುವ ಮಾತು ಅವಳಿಗೆ ತುಂಬಾ ಹತ್ತಿರದವಳ ಬಾಯಿಂದ, ಬುದ್ಧಿಮಾತಿನ ಹಾಗೆ, ಪ್ರೀತಿಯಿಂದಲೇ ಬರುತ್ತೆ. ನಿನ್ನ ಕಥೆಯಲ್ಲಿ ಈ ಗೆಳತಿಯೇ ಇಲ್ಲ. ಅವಳನ್ನು ಯಾಕೆ ಬಿಟ್ಟೆ? ಅವಳಿಂದ ಕಥೆ ನಿಧಾನ ಆಗುತ್ತೆ ಅಂತ ಇರಬೇಕು. ನಿಧಾನ ಆಗಲಿ ಬಿಡು. ಅವಳ ಮನೆಯ ಒಳಗೆ ಒಂದು ಪುಟ ಕೂರಿಸು ಓದುಗರನ್ನು. ಅವಳು ಒಲೆ ಮುಂದೆ ಕೂತಿರಲಿ, ರೊಟ್ಟಿ ಬಡಿಯುತ್ತಿರಲಿ, ಮಾತಾಡುವಾಗಲೂ ಕೈ ನಿಲ್ಲದಿರಲಿ.

ಮುಂದೆ ಗಂಗೆ ಪೂಜೆ. ಮನೆಮಂದಿಯೆಲ್ಲ ಕೆರೆಗೆ ಹೋಗುತ್ತಾರೆ, ಪೂಜೆ ಮಾಡುತ್ತಾರೆ, ಊಟ ಮಾಡುತ್ತಾರೆ. ವಾಪಸ್ ಬರುವಾಗ ಬಂಗಾರದ ಬಟ್ಟಲು ಮರೆತು ಬಂದಿದ್ದು ನೆನಪಾಗುತ್ತೆ. ಹೋಗಿ ತರೋಕೆ ಬೇರೆ ಯಾರೂ ಒಪ್ಪಲ್ಲ. ಕಿರಿಸೊಸೆ ಬಿರಬಿರನೆ ಹೋಗುತ್ತಾಳೆ, ಬಟ್ಟಲು ತಗೊಳ್ಳುತ್ತಾಳೆ, ಮೆಟ್ಟಿಲು ಹತ್ತೋಕೆ ಶುರು ಮಾಡುತ್ತಾಳೆ. ಒಂದು ಮೆಟ್ಟಿಲು ಹತ್ತಿದರೆ ಪಾದಕ್ಕೆ ನೀರು. ಇನ್ನೊಂದು ಹತ್ತಿದರೆ ಪಾದ ಮುಳುಗುತ್ತೆ. ಆಮೇಲೆ ಮೊಣಕಾಲು, ಆಮೇಲೆ ನಡು. ಗಮನಿಸಿದೆಯಾ, ಅವಳು ಇಳಿಯುತ್ತಿಲ್ಲ, ಹತ್ತುತ್ತಿದ್ದಾಳೆ. ಮನೆ ಕಡೆಗೇ ಹೆಜ್ಜೆ ಇಡುತ್ತಾ ಮುಳುಗುತ್ತಾಳೆ. ಯಾರೂ ಅವಳನ್ನು ಮುಟ್ಟಲ್ಲ, ತಳ್ಳಲ್ಲ, ಒಬ್ಬರೂ ದನಿ ಎತ್ತರಿಸೋದಿಲ್ಲ. ನಿನ್ನ ಕಥೆಯಲ್ಲಿ ಅವಳನ್ನು ಹಗ್ಗ ಕಟ್ಟಿ ಎಳೆದು ತರುತ್ತಾರೆ, ಪೂಜಾರಿ ಕತ್ತಿ ಎತ್ತುತ್ತಾನೆ. ಹಗ್ಗ, ಕತ್ತಿ ಬಂದ ಕೂಡಲೇ ಓದುಗರಿಗೆ ಹಗುರ ಆಗಿಬಿಡುತ್ತೆ ಗೊತ್ತಾ? ಇವರು ರಾಕ್ಷಸರು, ನಾವಲ್ಲ ಅಂದುಕೊಂಡು ಆರಾಮಾಗಿ ಪುಟ ತಿರುಗಿಸಬಹುದು. ಬಟ್ಟಲು ಮರೆತು ಬಂದೆವು, ಹೋಗಿ ತಗೊಂಡು ಬಾ ಅನ್ನೋ ಮಾತನ್ನು ಮಾತ್ರ ಎಲ್ಲರೂ ಒಂದಲ್ಲ ಒಂದು ಮನೆಯಲ್ಲಿ ಕೇಳಿದ್ದಾರೆ.

ಇದನ್ನು ಪಾಠ ಮಾಡುವಾಗ ನಮಗೆ ತ್ಯಾಗದ ಕಥೆ ಅಂತ ಹೇಳಿಕೊಡುತ್ತಾರೆ. ಊರಿಗೋಸ್ಕರ ಪ್ರಾಣ ಕೊಟ್ಟ ಮಹಾತಾಯಿ. ಹಾಡುವ ಹೆಂಗಸರ ದನಿಯಲ್ಲಿ ಆ ಗೌರವ ಇದೆ, ಇಲ್ಲ ಅನ್ನಲ್ಲ. ಆದರೆ ತ್ಯಾಗ ಅಂದುಬಿಟ್ಟರೆ ಮಲ್ಲನಗೌಡನನ್ನು ಯಾರೂ ಏನೂ ಕೇಳಬೇಕಾಗಿಲ್ಲ. ಕಥೆಯನ್ನು ಹೀಗೆ ಮೆತ್ತಗೆ ಮಾಡೋದು ಎಲ್ಲಾ ಕಡೆ ಇದೆ. ಜರ್ಮನಿಯ ಗ್ರಿಮ್ ಸೋದರರ ಸಂಗ್ರಹದ 1812ರ ಮೊದಲ ಮುದ್ರಣದಲ್ಲಿ ಸ್ನೋವೈಟ್‌ನ ಕೊಲ್ಲಿಸೋಕೆ ಹೊರಡುವವಳು ಹೆತ್ತ ತಾಯಿಯೇ. 1819ರ ಮುದ್ರಣದ ಹೊತ್ತಿಗೆ ಅವಳು ಮಲತಾಯಿ ಆಗಿದ್ದಳು. ತಾಯಿ ಹೀಗೆ ಮಾಡ್ತಾಳೆ ಅನ್ನೋದನ್ನು ಮನೆಮಕ್ಕಳ ಪುಸ್ತಕದಲ್ಲಿ ಇಡೋಕಾಗಲಿಲ್ಲ. ಹಾಗಾಗಿ ನಿನ್ನ ಕೆಲಸ ಹೊಸ ಕ್ರೌರ್ಯ ಸೇರಿಸೋದಲ್ಲ. ಇದ್ದದ್ದನ್ನು ಯಾರು ಎಲ್ಲಿ ಮುಚ್ಚಿದ್ದಾರೆ ನೋಡಿ, ಅಷ್ಟನ್ನು ತೆಗೆದು ತೋರಿಸೋದು.

ಈಗ ಇತಿಹಾಸ.

ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ, ಡೊಮಿಂಗೊ ಪಾಯೆಸ್ ಅನ್ನೋ ಪೋರ್ಚುಗೀಸ್ ಪ್ರವಾಸಿ ವಿಜಯನಗರಕ್ಕೆ ಬಂದಿದ್ದ. ಈಗಿನ ಹೊಸಪೇಟೆ ಹತ್ತಿರ ರಾಯ ಒಂದು ದೊಡ್ಡ ಕೆರೆ ಕಟ್ಟಿಸುತ್ತಿದ್ದ. ಹದಿನೈದು ಇಪ್ಪತ್ತು ಸಾವಿರ ಜನ ಅಲ್ಲಿ ಕೆಲಸ ಮಾಡುತ್ತಿದ್ದರು, ಇರುವೆಗಳ ಹಾಗೆ ಕಾಣುತ್ತಿದ್ದರು, ಅವರು ಓಡಾಡುವ ನೆಲವೇ ಕಾಣುತ್ತಿರಲಿಲ್ಲ ಅಂತ ಅವನು ಬರೆದಿಟ್ಟಿದ್ದಾನೆ. ಆ ಕೆರೆ ಎರಡು ಮೂರು ಸಲ ಒಡೆಯಿತಂತೆ. ಯಾಕೆ ಅಂತ ರಾಯ ಕೇಳಿದ. ದೇವರಿಗೆ ಕೋಪ ಬಂದಿದೆ, ಮನುಷ್ಯರನ್ನು, ಕುದುರೆಗಳನ್ನು, ಕೋಣಗಳನ್ನು ಬಲಿ ಕೊಡಬೇಕು ಅಂದರು ಬ್ರಾಹ್ಮಣರು. ದೇವಸ್ಥಾನದ ಬಾಗಿಲಲ್ಲಿ 60 ಜನರ ತಲೆ ತೆಗೆಸಲಾಯಿತು, ಜೊತೆಗೆ ಕೆಲವು ಕುದುರೆ, ಕೋಣಗಳದ್ದೂ. ಹದಿನೈದು ವರ್ಷ ಕಳೆದ ಮೇಲೆ ಬರೆದ ನೂನಿಜ್ ಅನ್ನೋ ಇನ್ನೊಬ್ಬ ಪೋರ್ಚುಗೀಸ್, ಅವನು ಕುದುರೆ ವ್ಯಾಪಾರಿ, ಇದೇ ಮಾತನ್ನು ಸ್ವಲ್ಪ ಬೇರೆ ಥರ ಹೇಳುತ್ತಾನೆ: ಮರಣದಂಡನೆಗೆ ತಕ್ಕವರಾದ ಕೈದಿಗಳ ತಲೆ ತೆಗೆಸಿದರು ಅಂತ. ಇವರಿಬ್ಬರ ಬರಹವನ್ನೂ ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ.

ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದು. ಅರವತ್ತು ಜನ ಅಂದ ಪಾಯೆಸ್. ಯಾರವರು? ಮಣ್ಣು ಹೊರುತ್ತಿದ್ದ ಕೂಲಿಗಳಾ, ಸೆರೆ ಸಿಕ್ಕ ಸೈನಿಕರಾ, ಯಾರ ಗಂಡಂದಿರು? ಏನೂ ಇಲ್ಲ. ಒಂದು ಹೆಸರೂ ಇಲ್ಲ. ಕೈದಿಗಳು ಅಂದ ನೂನಿಜ್, ಸಾಯೋಕೆ ತಕ್ಕವರೇ ಅನ್ನೋ ಸಮಾಧಾನವನ್ನೂ ಅದರ ಜೊತೆಗೇ ಸೇರಿಸಿದ. ಆ ಸಮಾಧಾನ ಯಾರಿಗೆ ಬೇಕಿತ್ತು? ಕೆರೆ ಕಟ್ಟಿದವರಿಗಾ, ಅವನಿಗೆ ಕಥೆ ಹೇಳಿದವರಿಗಾ? ಇತ್ತ ನಮ್ಮ ಹಾಡಿನಲ್ಲಿ ಇಸವಿ ಇಲ್ಲ, ರಾಜ ಇಲ್ಲ, ಆದರೆ ಹೆಸರಿದೆ. ಅವಳ ಅಪ್ಪ ಏನಂದ, ಅವ್ವ ಏನಂದಳು ಅಂತ ಕೂಡ ಇದೆ. ನಿನ್ನ ಕಥೆಗೆ ಜಾಗ ಇರೋದು ಇವೆರಡರ ನಡುವೆ. ಅರವತ್ತು ತಲೆಗಳಲ್ಲಿ ಒಂದಕ್ಕೆ ನೀನು ಮನೆ ಕೊಡಬಹುದು, ತವರು ಕೊಡಬಹುದು, ಸಮಾಧಾನ ಮಾಡೋಕೆ ಒಬ್ಬ ಗೆಳೆಯನನ್ನು ಕೊಡಬಹುದು.

ಆದರೆ ಒಂದು ಎಚ್ಚರ. 'ಕೆರೆಗೆ ಹಾರ' ಹುಟ್ಟಿದ್ದೇ ಹೊಸಪೇಟೆಯ ಈ ಘಟನೆಯಿಂದ ಅಂತ ಎಲ್ಲೂ ಬರೆಯಬೇಡ. ಹಾಗೆ ಹೇಳೋಕೆ ಆಧಾರ ಇಲ್ಲ. ಕಥೆಯ ಒಳಗೆ ಎರಡನ್ನೂ ಸೇರಿಸೋ ಹಕ್ಕು ನಿನಗಿದೆ, ಕಥೆಯ ಹೊರಗೆ, ಮುನ್ನುಡಿಯಲ್ಲೋ ಸಂದರ್ಶನದಲ್ಲೋ, ಅದನ್ನು ಇತಿಹಾಸ ಅಂತ ಹೇಳೋ ಹಕ್ಕಿಲ್ಲ. ಈಗಂತೂ ಒಬ್ಬರು ಕಥೆಗೆ ಅಂತ ಕಟ್ಟಿದ್ದು ನಾಳೆ ವಾಟ್ಸಾಪಿನಲ್ಲಿ ನಿಜವಾಗಿ ಓಡಾಡುತ್ತೆ. ಅದಕ್ಕೆ ನೀನು ಕಾರಣ ಆಗಬೇಡ.

ಇನ್ನು ನಿನ್ನ ಕಥೆಯಲ್ಲಿ ಕೆರೆಯೇ ಕಾಣಿಸುತ್ತಿಲ್ಲ. 'ಆಳವಾದ ಕಪ್ಪು ನೀರು' ಅಂತ ಮತ್ತೆ ಮತ್ತೆ ಬರೆದಿದ್ದೀಯ, ಅದು ಯಾವ ದೇಶದ ಸರೋವರವಾದರೂ ಆಗಬಹುದು. ನಮ್ಮ ಕೆರೆಗೆ ಏರಿ ಇದೆ, ತೂಬು ಇದೆ, ಕೋಡಿ ಇದೆ, ನೀರು ಬಿಡೋಕೆ ನೀರುಗಂಟಿ ಇದ್ದಾನೆ. ಕೆರೆ ಕಟ್ಟೋದು ಎಷ್ಟು ದೊಡ್ಡ ಕೆಲಸ ಅನ್ನೋದು ಗೊತ್ತಾಗದೆ ಗೌಡ ಯಾಕೆ ಅಷ್ಟು ದೂರ ಹೋದ ಅನ್ನೋದು ಓದುಗರಿಗೆ ಹಿಡಿಯಲ್ಲ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಕೆರೆ ಶಾಸನ ಇದೆ, ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಹಾಕಿಸಿದ್ದು. ಒಳ್ಳೆ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಅದರಲ್ಲಿ ಎಣಿಸಿದ್ದಾರೆ, ಕೆರೆಗೆ ಬರಬಹುದಾದ ಆರು ದೋಷಗಳನ್ನೂ ಹೇಳಿದ್ದಾರೆ. ದಿನಕ್ಕೆ ಸಾವಿರ ಜನ, ಕಲ್ಲು ಸಾಗಿಸೋಕೆ ನೂರು ಗಾಡಿ, ಎರಡು ವರ್ಷದ ಕೆಲಸ ಅಂತ ಲೆಕ್ಕ ಕೊಟ್ಟಿದ್ದಾರೆ. ಗಟ್ಟಿ ಮಣ್ಣು ಇರಬೇಕು, ಹತ್ತಿರ ಕಲ್ಲಿನ ಗಣಿ ಇರಬೇಕು, ನೀರಿನ ಶಾಸ್ತ್ರ ತಿಳಿದವನಿರಬೇಕು. ಹನ್ನೆರಡರಲ್ಲಿ ಎಲ್ಲೂ ನರಬಲಿ ಇಲ್ಲ.

ಇದು ನಿನಗೆ ಬೇಕಾದದ್ದು. ನೀರು ಯಾಕೆ ನಿಲ್ಲಲ್ಲ ಅಂತ ಗೊತ್ತಿದ್ದ ಜನ ಆ ಕಾಲದಲ್ಲೇ ಇದ್ದರು. ಮಲ್ಲನಗೌಡನ ಊರಿನಲ್ಲೂ ಅಂಥ ಒಬ್ಬ ಮಣ್ಣು ಕೆಲಸದವನು ಇರಲಿ. ಜಾಗ ಸರಿಯಿಲ್ಲ ಗೌಡ್ರೇ, ತಳದ ಮಣ್ಣು ನೀರು ಹಿಡಿಯಲ್ಲ ಅಂತ ಅವನು ಮೊದಲೇ ಹೇಳಿರಲಿ. ಗೌಡನಿಗೆ ಆ ಮಾತು ಬೇಡ, ಯಾಕಂದರೆ ಜಾಗ ಆರಿಸಿದ್ದು ಅವನೇ. ಹೆಣ್ಣೊಂದನ್ನು ಕೊಟ್ಟರೆ ನೀರು ಬರುತ್ತೆ ಅನ್ನೋ ಮಾತು ಅವನಿಗೆ ಎಷ್ಟು ಅನುಕೂಲ, ಅಲ್ವಾ? ತಪ್ಪು ಅವನದಲ್ಲ, ದೇವರ ಹಸಿವು.

ಹಾಗಂತ ನೀರು ಬಂದಿದ್ದನ್ನು ವಿಜ್ಞಾನದಿಂದ ವಿವರಿಸೋಕೆ ಹೋಗಬೇಡ. ಅವತ್ತು ಮೇಲಿನ ಹಳ್ಳದಲ್ಲಿ ಮಳೆ ಆಗಿತ್ತು ಅಂತೆಲ್ಲ ಬರೆದರೆ ಕಥೆ ಸತ್ತುಹೋಗುತ್ತೆ. ನೀರು ಬಂತು. ಬಟ್ಟಲು ಹಿಡಿದು ಹತ್ತುವ ಹುಡುಗಿಯ ಪಾದಕ್ಕೆ ಬಂತು. ಹಾಡಿನಲ್ಲಿ ಅದು ನಡೆದಿದೆ, ನಿನ್ನ ಕಥೆಯಲ್ಲೂ ನಡೆಯಲಿ. ಮಣ್ಣು ಕೆಲಸದವನು ಹೇಳಿದ್ದು ನಿಜ, ನೀರು ಬಂದದ್ದೂ ನಿಜ. ಎರಡೂ ಹಾಗೇ ಇರಲಿ, ಯಾವುದನ್ನೂ ಸೋಲಿಸಬೇಡ.

ಪುರಾಣದ ವಿಷಯಕ್ಕೆ ಬರ್ತೀನಿ. ನೀನು ಭಗೀರಥನ ತಪಸ್ಸು, ಸಗರನ ಅರವತ್ತು ಸಾವಿರ ಮಕ್ಕಳು, ಗಂಗಾವತರಣ ಎಲ್ಲವನ್ನೂ ಮೂರು ಪುಟ ಹೇಳಿದ್ದೀಯ. ಎಲ್ಲರಿಗೂ ಗೊತ್ತಿರೋ ಕಥೆ ಅದು. ಅದಕ್ಕಿಂತ ನಿನ್ನ ಕಥೆಗೆ ಹತ್ತಿರದ್ದು ಇನ್ನೊಂದಿದೆ: ಶುನಃಶೇಪನದು. ಐತರೇಯ ಬ್ರಾಹ್ಮಣ ಅನ್ನೋ ವೈದಿಕ ಗ್ರಂಥದಲ್ಲಿ ಬರುತ್ತೆ. ಹರಿಶ್ಚಂದ್ರನಿಗೆ ಮಕ್ಕಳಿಲ್ಲ. ಮಗ ಹುಟ್ಟಿದರೆ ಅವನನ್ನೇ ನಿನಗೆ ಕೊಡ್ತೀನಿ ಅಂತ ವರುಣನಿಗೆ ಹರಕೆ ಹೊರುತ್ತಾನೆ. ವರುಣ ಅಂದರೆ ನೀರಿನ ದೇವರು. ರೋಹಿತ ಹುಟ್ಟಿದ ಮೇಲೆ ಇವತ್ತು ನಾಳೆ ಅಂತ ತಳ್ಳುತ್ತಾ ಬರುತ್ತಾನೆ. ಮಗ ಕಾಡಿಗೆ ಓಡಿಹೋಗುತ್ತಾನೆ, ಅಪ್ಪನಿಗೆ ಹೊಟ್ಟೆಯಲ್ಲಿ ನೀರು ತುಂಬುವ ರೋಗ ಬರುತ್ತೆ. ಕಾಡಿನಲ್ಲಿ ಅಜೀಗರ್ತ ಅನ್ನೋ ಬಡವ ಸಿಗುತ್ತಾನೆ. ಅವನಿಗೆ ಮೂರು ಗಂಡುಮಕ್ಕಳು. ನಿನ್ನ ಮಕ್ಕಳಲ್ಲಿ ಒಬ್ಬನನ್ನು ಕೊಡು, ನೂರು ಹಸು ಕೊಡ್ತೀನಿ ಅನ್ನುತ್ತಾನೆ ರೋಹಿತ. ಹಿರಿಯವನನ್ನು ಕೊಡಲ್ಲ ಅನ್ನುತ್ತಾನೆ ಅಪ್ಪ. ಕಿರಿಯವನನ್ನು ಕೊಡಲ್ಲ ಅನ್ನುತ್ತಾಳೆ ಅಮ್ಮ. ನಡುವಿನವನು ಉಳಿದ. ಅವನೇ ಶುನಃಶೇಪ.

ಕಂಬಕ್ಕೆ ಕಟ್ಟೋಕೆ ಯಾರೂ ಮುಂದೆ ಬರಲ್ಲ. ಇನ್ನೂ ನೂರು ಹಸು ಕೊಟ್ಟರೆ ನಾನೇ ಕಟ್ತೀನಿ ಅನ್ನುತ್ತಾನೆ ಹೆತ್ತ ಅಪ್ಪ. ಕಡಿಯೋಕೂ ಯಾರೂ ಒಪ್ಪಲ್ಲ. ಇನ್ನೂ ನೂರು ಕೊಟ್ಟರೆ ಅದನ್ನೂ ಮಾಡ್ತೀನಿ ಅಂತ ಕತ್ತಿ ಮಸೆಯುತ್ತಾ ಬರುತ್ತಾನೆ. ಆಗ ಹುಡುಗ ಒಬ್ಬೊಬ್ಬ ದೇವರನ್ನೂ ಋಕ್ಕುಗಳಿಂದ, ಅಂದರೆ ವೇದದ ಮಂತ್ರಗಳಿಂದ, ಸ್ತುತಿಸೋಕೆ ಶುರು ಮಾಡುತ್ತಾನೆ. ಕೊನೆಗೆ ಒಂದೊಂದು ಋಕ್ಕಿಗೂ ಒಂದೊಂದು ಕಟ್ಟು ಬಿಚ್ಚಿಕೊಳ್ಳುತ್ತೆ, ಹರಿಶ್ಚಂದ್ರನ ಹೊಟ್ಟೆಯೂ ಇಳಿಯುತ್ತಾ ಬರುತ್ತೆ. ಹುಡುಗ ಬದುಕುತ್ತಾನೆ, ವಿಶ್ವಾಮಿತ್ರ ಅವನನ್ನು ಮಗ ಅಂತ ಕರೆದುಕೊಳ್ಳುತ್ತಾನೆ.

ನೋಡು, ಇಲ್ಲೂ ನೀರಿನ ದೇವರು. ಇಲ್ಲೂ ಮನೆಯೊಳಗೆ ಯಾರನ್ನು ಕೊಡೋದು ಅನ್ನೋ ಲೆಕ್ಕ. ಇಲ್ಲಿ ಕಟ್ಟು ಒಂದೊಂದಾಗಿ ಬಿಚ್ಚುತ್ತೆ, ಅಲ್ಲಿ ನೀರು ಒಂದೊಂದು ಮೆಟ್ಟಿಲಾಗಿ ಏರುತ್ತೆ. ಹುಡುಗನಿಗೆ ಋಕ್ಕು ಗೊತ್ತಿತ್ತು, ಭಾಗೀರಥಿಗೆ ಯಾರೂ ಅಂಥದ್ದು ಕಲಿಸಿರಲಿಲ್ಲ. ಈಗ ನಿನ್ನ ಆ ಜೋಯಿಸರನ್ನು ನೆನಪು ಮಾಡಿಕೋ. ಅವರು ಓದಿದವರು. ಶುನಃಶೇಪನ ಕಥೆ ಅವರಿಗೆ ಗೊತ್ತಿರುತ್ತೆ. ಬಲಿಗೆ ಕಟ್ಟಿದವನನ್ನು ದೇವರೇ ಬಿಟ್ಟ ಕಥೆ ಅದು ಅಂತಲೂ ಗೊತ್ತಿರುತ್ತೆ. ಗಂಗೆ ಪೂಜೆಯ ದಿನ ಮೆಟ್ಟಿಲ ಮೇಲೆ ಕೂತು ವರುಣನ ಮಂತ್ರ ಹೇಳುವಾಗ ಆ ಋಕ್ಕುಗಳೇ ಅವರ ಬಾಯಿಗೆ ಬರಲಿ. ಅವರಿಗೆ ನಾಲಗೆ ತಡವರಿಸಲಿ. ಆಮೇಲೂ ಅವರು ಸುಮ್ನಿರಲಿ. ಪುರಾಣವನ್ನು ಕಥೆಗೆ ತರೋದು ಅಂದರೆ ನನ್ನ ಪ್ರಕಾರ ಹೀಗೆ. ಬರಹಗಾರರು ನಡುವೆ ಬಂದು ಹೇಳೋದು ಬೇಡ, ಪಾತ್ರದ ಮನಸ್ಸಿನಲ್ಲಿ ಅದು ಇರಬೇಕು, ಅವರ ನಡತೆಯನ್ನು ಅಲ್ಲಾಡಿಸಬೇಕು.

ಇಂಥ ಕಥೆ ನಮ್ಮಲ್ಲಿ ಮಾತ್ರ ಅಲ್ಲ ಅಂತಲೂ ತಿಳಿದುಕೋ. ಗ್ರೀಸಿನ ಆರ್ಟಾ ಊರಿನ ಸೇತುವೆಯ ಹಾಡಿನಲ್ಲಿ ಹಗಲು ಕಟ್ಟಿದ್ದು ರಾತ್ರಿ ಬೀಳುತ್ತೆ. ಮೇಸ್ತ್ರಿಯ ಹೆಂಡತಿಯನ್ನು ಕರೆಸಿ, ಉಂಗುರ ಕೆಳಗೆ ಬಿದ್ದಿದೆ ಅಂತ ಹೇಳಿ ಇಳಿಸುತ್ತಾರೆ, ಮೇಲಿಂದ ಕಲ್ಲು ಗಾರೆ ಹಾಕಿ ಮುಚ್ಚುತ್ತಾರೆ. ಅಲ್ಲಿ ಉಂಗುರ, ಇಲ್ಲಿ ಬಟ್ಟಲು. ಅವಳು ಸೇತುವೆ ನಡುಗಲಿ ಅಂತ ಶಾಪ ಹಾಕುತ್ತಾಳೆ. ದೂರ ದೇಶದಲ್ಲಿರುವ ನಿನ್ನ ಅಣ್ಣ ಇದೇ ಸೇತುವೆ ದಾಟಬಹುದು ಅಂತ ನೆನಪಿಸಿದಾಗ ಶಾಪ ಹಿಂದೆ ತಗೊಳ್ಳುತ್ತಾಳೆ. ಅಲ್ಬೇನಿಯಾದ ಶ್ಕೋದ್ರಾ ಕೋಟೆಯ ಕಥೆಯಲ್ಲಿ ಮೂವರು ಅಣ್ಣತಮ್ಮಂದಿರು. ನಾಳೆ ಬುತ್ತಿ ತರುವ ಹೆಂಡತಿಯನ್ನು ಗೋಡೆಗೆ ಕೊಡೋದು, ಮನೆಯಲ್ಲಿ ಯಾರೂ ಬಾಯಿಬಿಡಬಾರದು ಅಂತ ಮಾತಾಗುತ್ತೆ. ದೊಡ್ಡವರಿಬ್ಬರೂ ಹೆಂಡಿರಿಗೆ ಹೇಳಿಬಿಡುತ್ತಾರೆ, ಕಿರಿಯವನು ಹೇಳಲ್ಲ. ಅವನ ಹೆಂಡತಿ ರೋಜಾಫಾ ಬುತ್ತಿ ತರುತ್ತಾಳೆ. ಮಗುವಿಗೆ ಹಾಲು ಕೊಡೋಕೆ ಒಂದು ಮೊಲೆ, ತಟ್ಟೋಕೆ ಒಂದು ಕೈ, ತೊಟ್ಟಿಲು ತೂಗೋಕೆ ಒಂದು ಕಾಲು ಹೊರಗಿಡಿ ಅಂತ ಮಾತ್ರ ಕೇಳುತ್ತಾಳೆ. ಇವನ್ನು ಓದಿಕೋ, ಆದರೆ ಅಲ್ಲಿಂದ ಎತ್ತಿ ತರಬೇಡ. ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಹಾಡು ಯಾವುದನ್ನು ಹೇಳದೆ ಬಿಟ್ಟಿದೆ ಅಂತ ಗೊತ್ತಾಗುತ್ತೆ. ಭಾಗೀರಥಿ ಶಾಪ ಹಾಕಲ್ಲ. ಏನನ್ನೂ ಕೇಳಲ್ಲ. ಅದಕ್ಕೇ ನೀನು ಅವಳನ್ನು ದೆವ್ವ ಮಾಡಿದಾಗ ನನಗೆ ಕಸಿವಿಸಿ ಆಯಿತು. ಅವಳ ಬಾಯಿಗೆ ನೀನು ಸೇಡು ತುರುಕಿದೆ. ಅವಳು ಮಾತಾಡದೇ ಹೋದದ್ದು ಉಳಿದವರನ್ನು ಹೇಗೆ ತಿನ್ನುತ್ತೆ ಅಂತ ನೀನು ನೋಡಲೇ ಇಲ್ಲ.

ನಿನ್ನ ಎರಡನೇ ಕಥೆಯ ಆಲೋಚನೆ, ತುಳುನಾಡಿನ ಅಣ್ಣ ತಂಗಿ ದೈವಗಳಾದ ಕಲ್ಕುಡ ಕಲ್ಲುರ್ಟಿಯದು, ಅದರ ಬಗ್ಗೆಯೂ ಒಂದು ಮಾತು. ಕಾರ್ಕಳದ ಬಾಹುಬಲಿ ನಿಂತದ್ದು 1432ರಲ್ಲಿ, ವೀರಪಾಂಡ್ಯನ ಕಾಲದಲ್ಲಿ, ಸುಮಾರು 42 ಅಡಿಯ ಒಂದೇ ಕಲ್ಲು. ಪಾಡ್ದನದಲ್ಲಿ, ಅಂದರೆ ತುಳುವಿನ ಕಥನಗೀತೆಯಲ್ಲಿ, ಅದನ್ನು ಕಡೆದವನು ಕಲ್ಕುಡ. ಇನ್ನೆಲ್ಲೂ ಇಂಥದ್ದು ಮಾಡಬಾರದು ಅಂತ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ಅವನು ಉಳಿದ ಕೈಯಲ್ಲೇ ವೇಣೂರಿನ ಬಾಹುಬಲಿಯನ್ನು ಕಡೆಯುತ್ತಾನೆ. ಅಣ್ಣನ ಸ್ಥಿತಿ ನೋಡಿ ತಂಗಿ ಕಲ್ಲುರ್ಟಿ ಉರಿದೇಳುತ್ತಾಳೆ, ಇಬ್ಬರೂ ಮಾಯ ಆಗಿ ದೈವವಾಗುತ್ತಾರೆ. ವೇಣೂರಿನ ಮೂರ್ತಿ ನಿಂತದ್ದು 1604ರಲ್ಲಿ, ತಿಮ್ಮಣ್ಣ ಅಜಿಲನ ಕಾಲ. ನಡುವೆ 172 ವರ್ಷ. ಇಸವಿಗೆ ಹೊಂದಲ್ಲ ಅಂತ ಪಾಡ್ದನವನ್ನು ತಿದ್ದೋಕೆ ಹೊರಟಿದ್ದೀಯಲ್ಲ, ಬೇಡ. ಒಬ್ಬ ಮನುಷ್ಯನ ಆಯಸ್ಸಿನಲ್ಲಿ ಹಿಡಿಸದಷ್ಟು ಕಾಲವನ್ನು ಪಾಡ್ದನ ಒಂದೇ ಮೈಯೊಳಗೆ ಇಟ್ಟಿದೆ. ಒಬ್ಬನ ಕೈ ಹೋದರೆ ಮುಂದಿನ ತಲೆಮಾರಿನ ಕಲ್ಲುಕುಟಿಗನೂ ಆ ನೋವನ್ನು ತನ್ನದೇ ಅಂತ ಹಾಡಿಕೊಂಡ ಅಂತ ನಾನು ಅದನ್ನು ಓದ್ತೀನಿ. ಕಥೆಗಾರ್ತಿಗೆ ಇದಕ್ಕಿಂತ ಏನು ಬೇಕು?

ಆದರೆ ಭಾಗೀರಥಿಗೂ ಕಲ್ಲುರ್ಟಿಗೂ ಒಂದು ವ್ಯತ್ಯಾಸ ಇದೆ. ಕಲ್ಲುರ್ಟಿ ಇವತ್ತಿಗೂ ಜನರ ದೈವ. ಕೋಲ ನಡೆಯುತ್ತೆ, ಹರಕೆ ಹೇಳಿಕೊಳ್ಳುತ್ತಾರೆ, ಕಷ್ಟ ಬಂದಾಗ ಅವಳ ಹೆಸರು ಹಿಡಿದು ಕೂಗುತ್ತಾರೆ. ಅವಳ ಕೋಪವನ್ನು ಸಿನಿಮಾ ಪಿಶಾಚಿಯ ಕೋಪದ ಥರ ಬರೆದರೆ ನೋವಾಗೋದು ಅರಸನಿಗಲ್ಲ, ಅವಳನ್ನು ನಂಬಿದ ಅಜ್ಜಿಗೆ. ಭಯಪಟ್ಟು ಬಿಟ್ಟುಬಿಡು ಅಂತ ನಾನು ಹೇಳ್ತಿಲ್ಲ, ಬರೆ, ಆದರೆ ಮೊದಲು ಹೋಗಿ ಒಂದು ಕೋಲ ಪೂರ್ತಿ ನೋಡು. ರಾತ್ರಿ ಇಡೀ ಕೂರು. ಪಾಡ್ದನ ಹೇಳುವವರ ಹತ್ತಿರ ಮಾತಾಡು, ಅವರು ಹೇಳಿದ್ದನ್ನು ತಗೊಂಡರೆ ಯಾರಿಂದ ತಗೊಂಡೆ ಅಂತ ಬರೆ, ಅವರು ಹೇಳಬೇಡಿ ಅಂದದ್ದನ್ನು ಬಿಟ್ಟುಬಿಡು. ತುಳು ಬರಲ್ಲ ಅಂದರೆ ಬರುವವರನ್ನು ಜೊತೆಗೆ ಕರೆದುಕೊಂಡು ಹೋಗು. ಇಷ್ಟಕ್ಕೆ ಪುರುಸೊತ್ತಿಲ್ಲ ಅನ್ನಿಸಿದರೆ ಆ ಕಥೆ ಸದ್ಯಕ್ಕೆ ಬೇಡ.

ಭಾಷೆ ಬಗ್ಗೆ ಜಾಸ್ತಿ ಹೇಳಲ್ಲ. 'ಕೆರೆಗೆ ಹಾರ' ಉತ್ತರ ಕರ್ನಾಟಕದ ಕನ್ನಡದ್ದು, ನಿನ್ನದು ಮೈಸೂರು ಕಡೆಯ ಬಾಯಿ. ಕಿವಿಗೆ ಬೀಳದ ಭಾಷೆಯನ್ನು ಅಲ್ಲಲ್ಲಿ 'ಯಾಕ', 'ಹೌದ್ರಿ' ಹಾಕಿ ತೋರಿಸಬೇಡ, ಆ ಕಡೆಯವರಿಗೆ ಒಂದೇ ಸಾಲಿಗೆ ಗೊತ್ತಾಗುತ್ತೆ. ನಿನ್ನ ಸರಳ ಕನ್ನಡದಲ್ಲೇ ಬರೆ, ಹಾಡಿನ ಸಾಲು ಬಂದಾಗ ಮಾತ್ರ ಹಾಡಿನ ಭಾಷೆ ಇರಲಿ. ಮತ್ತೆ ಆ ತೋಳ, ಮಂಜು, ಹುಣ್ಣಿಮೆ ರಾತ್ರಿ ಎಲ್ಲಾ ಎಲ್ಲಿಂದ ಬಂತು? ಬಯಲುಸೀಮೆಯಲ್ಲಿ ನಮಗೆ ಅಜ್ಜಿ ಹೆದರಿಸ್ತಿದ್ದದ್ದು ಮಟಮಟ ಮಧ್ಯಾಹ್ನಕ್ಕೆ. ಬಿಸಿಲು ನೆತ್ತಿ ಮೇಲೆ, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ, ಬತ್ತಿದ ಕೆರೆಯ ಅಂಗಳ ಬಾಯಿ ಬಿಟ್ಟುಕೊಂಡು ಬಿದ್ದಿದೆ. ಪೂಜೆಯನ್ನು ಆ ಹೊತ್ತಿಗೆ ಇಡು.

ಕೊನೆಯ ಭಾಗ ಏನು ಮಾಡೋದು ಅಂತ ನೀನು ಕೇಳೇ ಕೇಳ್ತೀಯ. ನನ್ನ ಅಭಿಪ್ರಾಯ ಇದು, ಒಪ್ಪೋದು ಬಿಡೋದು ನಿನಗೆ ಬಿಟ್ಟದ್ದು. ಹಾಡಿನಲ್ಲಿ ಮಾದೇವರಾಯ ದಂಡಿನಿಂದ ಬರುತ್ತಾನೆ, ಹೆಂಡತಿ ಎಲ್ಲಿ ಅಂತ ಕೇಳಿದರೆ ತವರಿಗೆ ಹೋಗಿದ್ದಾಳೆ ಅಂತಾರೆ, ತವರಿನಲ್ಲಿ ಕೇಳಿದರೆ ಗೆಳತಿಯ ಮನೆಗೆ ಅಂತಾರೆ, ಗೆಳತಿ ನಿಜ ಹೇಳುತ್ತಾಳೆ, ಅವನೂ ಕೆರೆಗೆ ಹಾರುತ್ತಾನೆ. ಅಲ್ಲಿಗೆ ಹಾಡು ಮುಗಿಯಿತು. ಮನೆಯವರು ಏನಾದರು ಅಂತ ಹಾಡು ಹೇಳಲ್ಲ. ಕೆರೆ ತುಂಬಿದೆ. ಮುಂದಿನ ವರ್ಷ ಗದ್ದೆಗೆ ನೀರು ಬಿಟ್ಟಿರುತ್ತಾರೆ. ಭತ್ತ ಬೆಳೆದಿರುತ್ತೆ. ಹಿರಿಸೊಸೆ ಮಲ್ಲವ್ವ ಆ ಅಕ್ಕಿಯನ್ನು ತೊಳೆದು, ಆ ನೀರಲ್ಲೇ ಅನ್ನ ಮಾಡಿ, ಅತ್ತೆ ಮಾವನಿಗೆ ಬಡಿಸಿರುತ್ತಾಳೆ. ತನ್ನನ್ನು ಉಳಿಸಿದ್ದು ಪ್ರೀತಿ ಅಲ್ಲ, ಕೆಲಸ ಅಂತ ಅವಳಿಗೆ ಗೊತ್ತು. ಬಟ್ಟಲು ತರೋಕೆ ನಾನು ಒಲ್ಲೆ ಅಂದದ್ದೂ ನೆನಪಿದೆ. ಊರಿಗೆ ಇನ್ನೊಂದು ಬರ ಬಂದರೆ ಮನೆಯಲ್ಲಿ ಉಳಿದಿರೋದು ಯಾರು ಅಂತಲೂ ಲೆಕ್ಕ ಹಾಕಿದ್ದಾಳೆ. ನಿನ್ನ ಕಥೆಯ ಕೊನೆಯ ಭಾಗವನ್ನು ಅವಳಿಂದ ಹೇಳಿಸು. ದೆವ್ವ ಬೇಕಾಗಲ್ಲ.

ಮೊದಲ ಅರ್ಧ ಹಾಗೇ ಇಟ್ಟುಕೋ, ಜೋಯಿಸರ ದೃಶ್ಯದಲ್ಲಿ ಒಂದು ಪದವನ್ನೂ ಮುಟ್ಟಬೇಡ. ಭಗೀರಥನ ಮೂರು ಪುಟ ತೆಗೆ. ಗೆಳತಿಯ ಮನೆ ಮತ್ತು ಮಲ್ಲವ್ವನ ಭಾಗ ಮಾತ್ರ ಹೊಸದಾಗಿ ಬರೆದು ಕಳಿಸು, ಗೌರಿ ಹಬ್ಬದ ಹೊತ್ತಿಗೆ ಆದರೆ ಸಾಕು, ಅವಸರ ಇಲ್ಲ. ಸಾಧ್ಯವಾದರೆ ಹಾಡು ಬಲ್ಲವರ ಬಾಯಲ್ಲಿ ಒಮ್ಮೆ ಪೂರ್ತಿ ಕೇಳಿ ರೆಕಾರ್ಡ್ ಮಾಡಿಕೊಂಡು ಬಾ, ಪುಸ್ತಕದಲ್ಲಿರೋದಕ್ಕೂ ಅವರು ಹಾಡೋದಕ್ಕೂ ಎಲ್ಲಿ ವ್ಯತ್ಯಾಸ ಇದೆ ಅಂತ ಬರೆದಿಡು, ಮುಂದಿನ ಸಲ ಸಿಕ್ಕಾಗ ಅದನ್ನೇ ಮೊದಲು ಮಾತಾಡೋಣ.

ನಿನ್ನ ಅಕ್ಕ